ಕೆಳ ತುಂಗುಸ್ಕಾ: ತುರಾದಿಂದ ತುರುಖಾನ್ಸ್ಕ್‌ಗೆ ದೋಣಿಯಲ್ಲಿ ಯಾವಾಗ ಹೋಗಬಹುದು?

ಪ್ರಶ್ನೆ: ಸೈಬೀರಿಯಾದ ಕೆಳ ತುಂಗುಸ್ಕಾ ನದಿಯಲ್ಲಿ ತುರಾದಿಂದ, ಅದು ಯೆನಿಸೇ ಸೇರುವ ತುರುಖಾನ್ಸ್ಕ್‌ವರೆಗೆ, ಗಾಳಿ ತುಂಬುವ ದೋಣಿಯಲ್ಲಿ ನಾಲ್ವರು ಹೋಗಬೇಕೆಂದಿದ್ದೇವೆ. ಜೂನ್ ಮೊದಲ ವಾರ ನೀರು ಚೆನ್ನಾಗಿರುತ್ತದಂತೆ, ಹೌದೇ? ರಾತ್ರಿ ಎಲ್ಲಿ ತಂಗುವುದು? ಬಲ್ಲವರು ತಿಳಿಸಿ.

ಉತ್ತರ 1: ಜೂನ್ ಮೊದಲ ವಾರ ಖಂಡಿತ ಬೇಡ. 2,989 ಕಿ.ಮೀ. ಉದ್ದದ ಈ ನದಿಯ ವರ್ಷದ ನೀರಿನಲ್ಲಿ ಹತ್ತಿರಹತ್ತಿರ ಮುಕ್ಕಾಲು ಪಾಲು ಹಿಮ ಕರಗುವ ಕಾಲದಲ್ಲೇ ಹರಿದುಹೋಗುತ್ತದೆ. ನೆಲದಡಿ ಸದಾ ಹೆಪ್ಪುಗಟ್ಟಿರುವುದರಿಂದ ನೀರು ಇಂಗುವುದಿಲ್ಲ, ನೇರ ಹೊಳೆಗಿಳಿಯುತ್ತದೆ. ಕಿರಿದಾದ ಕಣಿವೆಯಲ್ಲಿ ಮಂಜುಗಡ್ಡೆ ಸಿಕ್ಕಿ ಅಡ್ಡ ನಿಂತರೆ ಕೆಳಪಾತ್ರದಲ್ಲಿ ನೀರು 25–30 ಮೀಟರ್ ಏರುವುದೂ ಉಂಟು. ತುರಾಕ್ಕೆ ಸರಕು ಹಡಗು ಬರುವುದು ಆ ನೆರೆಯ ಕೆಲವೇ ವಾರ. ಹಡಗಿಗೆ ಬೇಕಾದ ನೀರು ನಿಮಗೆ ಅಪಾಯ. ಜುಲೈ ನಡುವೆ ಹೊರಟು ಆಗಸ್ಟ್ ಮುಗಿಯುವುದರೊಳಗೆ ತಲುಪಿ.

ಇನ್ನೊಂದು: ನಕ್ಷೆ ತರಿಸುವಾಗ ಹೆಸರು ನೋಡಿಕೊಳ್ಳಿ. ನಿಮಗೆ ಬೇಕಾದದ್ದು ನೀಜ್ನ್ಯಾಯಾ ತುಂಗುಸ್ಕಾ, ಕೆಳ ತುಂಗುಸ್ಕಾದ ರಷ್ಯನ್ ಹೆಸರು. ಪೋದ್ಕಾಮೆನ್ನಾಯಾ ತುಂಗುಸ್ಕಾ ಬೇರೆಯೇ ನದಿ, 1908ರಲ್ಲಿ ಬಾನಿಂದ ಬಂದ ಕಾಯವೊಂದು ಆಕಾಶದಲ್ಲೇ ಸಿಡಿದ ಸ್ಫೋಟ ನಡೆದದ್ದು ಅದರ ಸೀಮೆಯಲ್ಲಿ.

ಉತ್ತರ 2: ತಂಗುವ ಜಾಗದ ಬಗ್ಗೆ. ದಡದ ಲಾರ್ಚ್ ಮರಗಳ ಕಾಂಡ ನೋಡಿ. ಹೊಳೆಯ ಕಡೆಯ ಮಗ್ಗುಲಲ್ಲಿ ತೊಗಟೆ ಕಿತ್ತು, ಒಳಗಿನ ಮರ ಬೂದು ಬಣ್ಣಕ್ಕೆ ತಿರುಗಿದ್ದರೆ ಮಂಜುಗಡ್ಡೆ ಅಷ್ಟೆತ್ತರ ಉಜ್ಜಿಹೋಗಿದೆ ಎಂದರ್ಥ. ಬೇಸಿಗೆಯಲ್ಲಿ ಅಷ್ಟು ಮೇಲೆ ಹತ್ತಬೇಕಿಲ್ಲ, ಆದರೆ ನೀರಂಚಿಗಿಂತ ಕನಿಷ್ಠ 3 ಮೀಟರ್ ಮೇಲಿರಲಿ. ಮೇಲ್ಗಡೆ ಎಲ್ಲೋ ಮಳೆ ಬಿದ್ದರೂ ಇಲ್ಲಿ ಮೋಡವಿಲ್ಲದೆಯೇ ಹೊಳೆ ಏರುತ್ತದೆ. ಸಂಜೆ ನೀರಂಚಿಗೆ ಒಂದು ಗೂಟ ಹೊಡೆದು, ಮಲಗುವ ಮುಂಚೆ ನೋಡಿ. ಗಂಟೆಗೆ ಒಂದು ಗೇಣು ಏರಿದ್ದರೆ ಡೇರೆ ಕಿತ್ತು ಮೇಲೆ ಹೋಗಿ. ದೋಣಿಯನ್ನು ಮರಕ್ಕೇ ಕಟ್ಟಬೇಕು, ಕಲ್ಲಿಗಲ್ಲ. ಬೆಂಕಿ ಬರೀ ಕಲ್ಲಿನ ಮೇಲೆ, ಏಕೆಂದರೆ ಪಾಚಿಯೊಳಗೆ ಕಿಡಿ ಹೊಕ್ಕರೆ ಒಳಗೊಳಗೇ ಉರಿದು ಎರಡು ದಿನ ಬಿಟ್ಟು ಕಾಡು ಹತ್ತಿಕೊಳ್ಳುತ್ತದೆ. ಗಾಳಿಯಾಡುವ ಕಲ್ಲುದಂಡೆಯಲ್ಲಿ ಸೊಳ್ಳೆಯೂ ಕಡಿಮೆ.

ಉತ್ತರ 3: ಎಚ್ಚರ ಬೇಕಾದದ್ದು ದಾರಿಯಲ್ಲಿ ಸಿಗುವ ಉಚಾಮಿ ಊರಿನಿಂದ ಕೆಳಗೆ. ಸುಮಾರು 25 ಕೋಟಿ ವರ್ಷ ಹಿಂದಿನ ಲಾವಾ ಶಿಲೆ ಗಟ್ಟಿ, ನದಿ ಅದನ್ನು ಪೂರ್ತಿ ಸವೆಸಿಲ್ಲ. ಅದಕ್ಕೇ ರಭಸದ ಇಳಿತಗಳು. ದೊಡ್ಡದಾದ ಬಲ್ಶೋಯ್ ಪರೋಗ್ ಸಿಗುವುದು ನದೀಮುಖಕ್ಕೆ ನೂರು ಚಿಲ್ಲರೆ ಕಿ.ಮೀ. ಉಳಿದಿರುವಾಗ. ಕೆಳಪಾತ್ರದಲ್ಲಿ 60–100 ಮೀಟರ್ ಆಳದ ಗುಂಡಿಗಳಿವೆ, ಅವುಗಳ ಮೇಲೆ ಸುಳಿ. ಪ್ರತಿ ಇಳಿತಕ್ಕೂ ಮುಂಚೆ ದಡ ಸೇರಿ, ನಡೆದು ನೋಡಿ, ದಾರಿ ಗೊತ್ತುಮಾಡಿಕೊಂಡೇ ಇಳಿಯಿರಿ. ಸಂಶಯ ಬಂದರೆ ಸಾಮಾನು ಹೊತ್ತು ದಾಟಿ.

ದೂರ 800 ಕಿ.ಮೀ.ಗೂ ಹೆಚ್ಚು. ದಿನಕ್ಕೆ 35–40 ಕಿ.ಮೀ. ಲೆಕ್ಕ ಹಿಡಿದು, ಎದುರುಗಾಳಿಗೆಂದು ಐದು ದಿನದ ಊಟ ಹೆಚ್ಚಿಗೆ ಇಟ್ಟುಕೊಳ್ಳಿ. ದಾರಿಯಲ್ಲಿ ನಿದಿಮ್, ಉಚಾಮಿ, ತುತೋಂಚಾನಿ ಎಂಬ ಪುಟ್ಟ ಊರುಗಳಿವೆ, ಆದರೆ ಅಂಗಡಿಯನ್ನು ನೆಚ್ಚಿ ಹೊರಡಬೇಡಿ.