ಕತ್ತರಿಸಿದ ಚಿತ್ರವನ್ನು ‘ಬ್ಲೆಂಡ್’ ಮಾಡುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ: ಶಿರಸಿ, ಕಾರವಾರದ ಕಡೆ ಸ್ಟುಡಿಯೋ ಕೆಲಸ ಕಲಿಯುವವರಿಗಾಗಿ ಕನ್ನಡದಲ್ಲಿ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಹಸಿರು ಪರದೆಯ ಮುಂದೆ ತೆಗೆದ ಯಕ್ಷಗಾನ ವೇಷದ ಫೋಟೋವನ್ನು ಫೋಟೋಶಾಪ್‌ನಲ್ಲಿ ಕತ್ತರಿಸಿ ಕಾರವಾರದ ಕಡಲತೀರದ ಮೇಲೆ ಕೂರಿಸುವುದು ಅದರಲ್ಲಿನ ಪಾಠ. ಬ್ಲೆಂಡ್‌ಗೆ ‘ವಿಲೀನ’ ಎನ್ನಬಹುದೇ? ಮಾಸ್ಕ್, ಫೆದರ್, ಫ್ರಿಂಜ್ (ಕತ್ತರಿಸಿದ ಅಂಚಿನಲ್ಲಿ ಉಳಿಯುವ ಪರದೆಯ ಬಣ್ಣ) ಇವಕ್ಕೆ ಏನು ಬಳಸಬೇಕು? ಬಲ್ಲವರು ತಿಳಿಸಿ.

ಉತ್ತರ: ‘ವಿಲೀನ’ವನ್ನು ಮರ್ಜ್‌ಗೆ ಬಿಟ್ಟುಕೊಡಿ. ಮರ್ಜ್ ಎಂದರೆ ಪದರಗಳನ್ನು (ಲೇಯರ್) ಒಂದಾಗಿಸುವುದು, ಹಾಗೆ ಒಂದಾದವನ್ನು ಆಮೇಲೆ ಬಿಡಿಸಲು ಬರುವುದಿಲ್ಲ. ಈ ಕೆಲಸದಲ್ಲಿ ವೇಷ, ಹಿನ್ನೆಲೆ ಎರಡೂ ಕೊನೆಯವರೆಗೆ ಬೇರೆ ಪದರಗಳಾಗಿಯೇ ಇರಬೇಕು. ‘ಬೆರೆಸು’ ಬ್ಲೆಂಡ್ ಮೋಡ್‌ಗೆ ಸರಿ, ಅಲ್ಲಿ ಎರಡು ಪದರದ ಬಣ್ಣ ನಿಜವಾಗಿಯೂ ಬೆರೆಯುತ್ತದೆ. ಇಡೀ ಕೆಲಸಕ್ಕೆ ‘ಹೊಂದಿಸು’ ಸಾಕು.

ಮಾಸ್ಕ್ ಹಾಗೇ ಇರಲಿ, ಎಲ್ಲರಿಗೂ ಗೊತ್ತು. ಆದರೆ ಅದರ ಜೊತೆ ‘ಅಳಿಸು’ ಎಂದು ಬರೆಯಬೇಡಿ, ‘ಮರೆಮಾಡು’ ಎನ್ನಿ. ಇರೇಸರ್ ಅಳಿಸುತ್ತದೆ, ಮಾಸ್ಕಿನಲ್ಲಿ ಕಪ್ಪು ಬಳಿದದ್ದು ಮರೆಯಾಗುತ್ತದೆ, ಬಿಳಿ ಬಳಿದರೆ ಮರಳುತ್ತದೆ.

ಫೆದರ್‌ಗೆ ‘ಅಂಚು ಮೆದುಮಾಡು’. ‘ಮಸುಕುಮಾಡು’ ಎಂದರೆ ಕಲಿಯುವವರು ಚಿತ್ರಕ್ಕೇ ಬ್ಲರ್ ಹೊಡೆಯುತ್ತಾರೆ. ಮೆದುವಾಗಬೇಕಾದದ್ದು ಮಾಸ್ಕಿನ ಅಂಚು ಮಾತ್ರ. ಆಕೃತಿ 3000 ಪಿಕ್ಸೆಲ್ ಎತ್ತರವಿದ್ದರೆ 0.5ರಿಂದ 1 ಪಿಕ್ಸೆಲ್ ಸಾಕು. 5 ಕೊಟ್ಟರೆ ಕಿರೀಟದ ಅಂಚು ಕರಗಿ ಪರದೆಯ ಹಸಿರು ಇಣುಕುತ್ತದೆ. ಕೂದಲು, ಗೊಂಡೆಯ ಎಳೆಗಳಿಗೆ ಫೆದರ್ ಒಗ್ಗದು, ಸೆಲೆಕ್ಟ್ ಅಂಡ್ ಮಾಸ್ಕ್‌ನ ರಿಫೈನ್ ಎಡ್ಜ್ ಬ್ರಷ್ಷೇ ಬೇಕು.

ಫ್ರಿಂಜ್‌ಗೆ ನನ್ನ ಸೂಚನೆ ‘ಕರೆ’. ಸೀರೆ, ಪಂಚೆಯ ಅಂಚೂ ಕರೆ, ಬಟ್ಟೆಗೆ ಹತ್ತಿದ ಬಾಳೆಕಾಯಿ ಕಲೆಯೂ ಕರೆ. ಹಳಗನ್ನಡದಲ್ಲಿ ಇವೆರಡು ಬೇರೆ ಪದಗಳು: ಕಲೆಯದು ‘ಕಱೆ’, ಅಂಚಿನದು ‘ಕರೆ’. ಶಕಟರೇಫ (ಱ ಅಕ್ಷರ) ಬಿದ್ದುಹೋಗಿ ಒಂದಾಗಿವೆ. ಅಂಚಿಗೆ ಹತ್ತಿದ ಕಲೆಗೆ ಇದಕ್ಕಿಂತ ಒಳ್ಳೆಯ ಪದ ಸಿಗಲಾರದು. ‘ಪ್ರಭಾವಳಿ’ ಬೇಡವೇ ಬೇಡ. ಅದು ಬೇಕೆಂದೇ ಇಡುವಂಥದ್ದು.

ಕರೆ ಹತ್ತುವುದೇಕೆ ಎಂದೂ ಕೈಪಿಡಿಯಲ್ಲಿರಲಿ. ಅಂಚಿನ ಪಿಕ್ಸೆಲ್‌ನಲ್ಲಿ ವೇಷದ ಬಣ್ಣ, ಪರದೆಯ ಹಸಿರು ಎರಡೂ ಸೇರಿರುತ್ತವೆ. ಶಿಫ್ಟ್ ಎಡ್ಜ್ ಅನ್ನು ಮೈನಸ್ 10ರಿಂದ ಮೈನಸ್ 20ರ ನಡುವೆ ಇಟ್ಟರೆ ಅಂಚು ಒಳಗೆ ಸರಿದು ಬಹುಪಾಲು ಹೋಗುತ್ತದೆ. ಉಳಿದದ್ದಕ್ಕೆ ಪದರದ ಪ್ರತಿ ಮಾಡಿ, ಮಾಸ್ಕ್ ಅಪ್ಲೈ ಮಾಡಿ, ಲೇಯರ್ ಮೆನುವಿನ ಮ್ಯಾಟಿಂಗ್‌ನಲ್ಲಿ ಡಿಫ್ರಿಂಜ್ 1 ಪಿಕ್ಸೆಲ್ ಕೊಡಿ. ಅದು ಒಳಗಿನ ಬಣ್ಣವನ್ನು ಅಂಚಿಗೆ ಎಳೆಯುತ್ತದೆ. ಮೆನುವಿನ ಹೆಸರುಗಳನ್ನು ಮಾತ್ರ ಅನುವಾದಿಸಬೇಡಿ, ಕಂಪ್ಯೂಟರ್ ಪರದೆಯ ಮೇಲೆ ಹುಡುಕಿದರೆ ಸಿಗಬೇಕಲ್ಲ.

ಭುಜಕೀರ್ತಿ, ಎದೆಕಟ್ಟಿನ ಹೊಳಪಿನಲ್ಲಿ ಕಾಣುವ ಹಸಿರು ಕರೆಯಲ್ಲ, ಪ್ರತಿಫಲನ. ಡಿಫ್ರಿಂಜ್ ಅದನ್ನು ಮುಟ್ಟುವುದಿಲ್ಲ. ಮೇಲೊಂದು ಖಾಲಿ ಪದರವಿಟ್ಟು ಬಣ್ಣ ವೇಷದ ಆಚೆ ಹೋಗದಂತೆ ವೇಷಕ್ಕೆ ಕ್ಲಿಪ್ ಮಾಡಿ, ಮೋಡ್ ಕಲರ್‌ಗೆ ಬದಲಿಸಿ, ಪಕ್ಕದ ಚಿನ್ನದ ಬಣ್ಣವನ್ನೇ ಎತ್ತಿಕೊಂಡು ಬಳಿಯಬೇಕು.

ನೆರಳಿಗೆ ಎರಡು ಪದ ಬೇಕೇ ಬೇಕು: ಪಾದಕ್ಕೆ ಅಂಟಿದ್ದು ‘ಬುಡದ ನೆರಳು’, ನೆಲದ ಮೇಲೆ ಹೋಗುವುದು ‘ಚಾಚು ನೆರಳು’. ಮೊದಲನೆಯದು ಗಾಢ, ಕಿರಿದು. ಅದಿಲ್ಲದಿದ್ದರೆ ವೇಷ ಮರಳಿನ ಮೇಲೆ ತೇಲುತ್ತದೆ. ಎರಡನೆಯದು ದೂರ ಹೋದಂತೆ ತೆಳುವಾಗಬೇಕು, ಮಸುಕಾಗಬೇಕು. ಎರಡೂ ಕೆಳಗಿನ ಬಣ್ಣವನ್ನು ಕಡುವಾಗಿಸುವ ಮಲ್ಟಿಪ್ಲೈ ಮೋಡ್‌ನಲ್ಲಿ, ಬಣ್ಣ ಅಪ್ಪಟ ಕಪ್ಪಲ್ಲ, ಅದೇ ಮರಳಿನ ಕಡುಛಾಯೆ. ನಮ್ಮ ಕಡಲು ಪಡುವಣಕ್ಕಿದೆ. ಹಿನ್ನೆಲೆಯಲ್ಲಿ ಸಂಜೆಯ ಸೂರ್ಯನಿದ್ದರೆ ಚಾಚು ನೆರಳು ನೋಡುವವರ ಕಡೆಗೆ ಬರಬೇಕು. ಸ್ಟುಡಿಯೋದಲ್ಲಿ ಎದುರಿನಿಂದ ಫ್ಲ್ಯಾಶ್ ಹೊಡೆದ ಮುಖವನ್ನು ಅಲ್ಲಿಟ್ಟರೆ ಕರ್ವ್ಸ್‌ನಲ್ಲಿ ಬೆಳಕು-ನೆರಳು ಎಷ್ಟು ತಿದ್ದಿದರೂ ಹೊಂದುವುದಿಲ್ಲ. ಸೂರ್ಯ ನೋಡುವವರ ಬೆನ್ನ ಕಡೆಗಿರುವ ಬೆಳಗಿನ ಹಿನ್ನೆಲೆ ಆರಿಸಿಕೊಳ್ಳುವುದೇ ಮೇಲು.