ತಪ್ಪು ಅಂತ ಒಪ್ಪಿಕೊಂಡೂ ಜೈಲು ಅಧಿಕಾರಿಗಳನ್ನು ಬಿಟ್ಟಿದ್ದು ಹೇಗೆ?

ದಾವಣಗೆರೆ_ಲಾ:
ಅಮೆರಿಕದ ಟೇಲರ್ ವರ್ಸಸ್ ರಿಯೋಹಾಸ್ ಕೇಸು ಓದುತ್ತಿದ್ದೇನೆ, ತಲೆ ಕೆಟ್ಟಿದೆ. 2013ರಲ್ಲಿ ಟೆಕ್ಸಾಸ್ ಜೈಲಿನಲ್ಲಿ ಟೇಲರ್ ಅನ್ನೋ ಕೈದಿಯನ್ನು ಆರು ದಿನ ಎರಡು ಸೆಲ್‌ಗಳಲ್ಲಿ ಇಟ್ಟಿದ್ದರಂತೆ. ಮೊದಲನೆಯದರಲ್ಲಿ ನೆಲ, ಗೋಡೆ, ಕೊನೆಗೆ ನಲ್ಲಿಯೊಳಗೂ ಮಲ. ಹೆದರಿ ಸುಮಾರು ನಾಲ್ಕು ದಿನ ಅನ್ನ ನೀರು ಮುಟ್ಟಲಿಲ್ಲ. ಎರಡನೆಯದರಲ್ಲಿ ಕೊರೆಯೋ ಚಳಿ, ಮೋರಿ ಕಟ್ಟಿಕೊಂಡು ಕೊಳಚೆ, ಅದರಲ್ಲೇ ಬರಿಮೈಯಲ್ಲಿ ಮಲಗಬೇಕು. ಇದು ಸಂವಿಧಾನಕ್ಕೆ ವಿರುದ್ಧ ಅಂತ ಐದನೇ ಸರ್ಕ್ಯೂಟ್ ಅಪೀಲು ಕೋರ್ಟೇ ಹೇಳಿ, ಅದೇ ತೀರ್ಪಿನಲ್ಲಿ ಅಧಿಕಾರಿಗಳನ್ನು ಬಿಟ್ಟಿದೆ. ಇದೆಂಥ ಲೆಕ್ಕ?

ಕರಿಕೋಟು:
ಕ್ವಾಲಿಫೈಡ್ ಇಮ್ಯುನಿಟಿ ಮಾರಾಯರೇ, ಅಂದರೆ ಸರ್ಕಾರಿ ಅಧಿಕಾರಿಗಳಿಗೆ ದಾವೆಯಿಂದ ಸಿಗೋ ರಕ್ಷಣೆ. ಅಧಿಕಾರಿ ಹಕ್ಕು ಕಸಿದರೆ ದಾವೆ ಹೂಡಬಹುದು ಅಂತ 1871ರ ಕಾಯ್ದೆ ಇದೆ, ಈಗ ಅದನ್ನು ಸೆಕ್ಷನ್ 1983 ಅಂತಾರೆ. ಅದರಲ್ಲಿ ಎಲ್ಲೂ ಬರೆದಿರದ ಈ ರಕ್ಷಣೆಯನ್ನು ಕೋರ್ಟುಗಳೇ ಸೇರಿಸಿಕೊಂಡವು. ಮಾಡಿದ್ದು ತಪ್ಪಾದರೆ ಸಾಲದು, ಅದು ತಪ್ಪು ಅಂತ ಆಗಲೇ ಕಾನೂನಿನಲ್ಲಿ ಸ್ಪಷ್ಟವಾಗಿರಬೇಕು. ತಿಂಗಳುಗಟ್ಟಲೆ ಇಟ್ಟರೆ ತಪ್ಪು ಅಂತ ಹಳೆ ತೀರ್ಪಿತ್ತು, ಆರೇ ದಿನಕ್ಕೆ ಇರಲಿಲ್ಲ ಅಂದುಬಿಟ್ಟರು! 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಇದನ್ನು ತಿರುಗಿಸಿ ಹಾಕಿತು. ಸ್ವಲ್ಪ ತಿಳಿವಳಿಕೆ ಇರೋ ಯಾವ ಅಧಿಕಾರಿಗೂ ಇದು ತಪ್ಪು ಅಂತ ಗೊತ್ತಾಗಲೇಬೇಕಿತ್ತು, ಅಷ್ಟೇ ವಾದ. ನ್ಯಾಯಮೂರ್ತಿ ಥಾಮಸ್ ಒಬ್ಬರೇ ಒಪ್ಪಲಿಲ್ಲ.

ಮಲೆನಾಡ_ಮಳೆ:
ಒಂದು ಗಮನಿಸಿ, ಮಲ, ಚಳಿ ಎಲ್ಲ ಕೈದಿ ಹೇಳಿದ ಪ್ರಕಾರ. ವಿಚಾರಣೆಗೆ ಮೊದಲೇ ಕೇಸು ಮುಗಿಸಿ ಅಂತ ಅಧಿಕಾರಿಗಳು ಕೇಳಿದಾಗ ಕೋರ್ಟು ಅವನ ಮಾತನ್ನೇ ನಿಜ ಅಂತ ಇಟ್ಟುಕೊಂಡು ನೋಡುತ್ತದೆ. ಇನ್ನೊಂದು, ಅಲ್ಲಿಯವರೆಗೆ ಬರೋದೇ ದೊಡ್ಡದು. 1996ರ ಕಾಯ್ದೆ ಪ್ರಕಾರ ಕೈದಿ ಮೊದಲು ಜೈಲಿನೊಳಗಿನ ದೂರು ವ್ಯವಸ್ಥೆಯ ಎಲ್ಲಾ ಹಂತ ಮುಗಿಸಬೇಕು. ಗಡುವು ತಪ್ಪಿದರೆ ದೂರು ಎಷ್ಟೇ ನಿಜವಾಗಿದ್ದರೂ ಕೇಸು ಬಿದ್ದುಹೋಗುತ್ತದೆ ಅಂತ 2006ರಲ್ಲಿ ವುಡ್‌ಫರ್ಡ್ ತೀರ್ಪು ಬಂತು. ಯಾರ ಮೇಲೆ ದೂರೋ ಅವರ ಇಲಾಖೆಗೇ ಮೊದಲು ಅರ್ಜಿ ಕೊಡಬೇಕು, ಮಜಾ ಅಲ್ವಾ? ನನಗಂತೂ ಇಮ್ಯುನಿಟಿಗಿಂತ ಇದೇ ಜಾಸ್ತಿ ಜನರನ್ನು ಹೊರಗಿಡುತ್ತೆ ಅನಿಸುತ್ತದೆ.

ಹುಬ್ಬಳ್ಳಿ_ಮಂದಿ:
ನಮ್ಮಲ್ಲಿ ಸುನಿಲ್ ಬಾತ್ರಾ ಕೇಸು ಓದ್ರಿ. ತಿಹಾರ್‌ನಲ್ಲಿ ವಾರ್ಡರ್ ಇನ್ನೊಬ್ಬ ಕೈದಿಗೆ ಹಿಂಸೆ ಕೊಟ್ಟ ಅಂತ ಅಲ್ಲೇ ಕೈದಿಯಾಗಿದ್ದ ಬಾತ್ರಾ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟು ಅರ್ಜಿ ಅಂತ ತಗೊಂಡಿತು. ಕೃಷ್ಣ ಅಯ್ಯರ್ ಬರೆದ ತೀರ್ಪು ರೀ ಅದು. ಹಂಗಂತ ನಮ್ಮ ಜೈಲು ಸುಧಾರಿಸಿಬಿಟ್ಟಾವ ಅಂತ ನಾ ಹೇಳಂಗಿಲ್ಲ.

ದಾವಣಗೆರೆ_ಲಾ:
ಹಾಗಾದ್ರೆ ಟೇಲರ್‌ಗೆ 2020ರಲ್ಲಿ ಪರಿಹಾರ ಸಿಕ್ಕಿತಾ?

ಕರಿಕೋಟು:
ಇಲ್ಲ, ಆ ತೀರ್ಪಿನಲ್ಲಿ ದುಡ್ಡಿನ ಮಾತೇ ಇಲ್ಲ. ಕೇಸು ಮತ್ತೆ ಕೆಳಗಿನ ಕೋರ್ಟಿಗೆ ವಾಪಸ್ ಹೋಯಿತು. ಏಳು ವರ್ಷ ಆದಮೇಲೆ ಅವನಿಗೆ ಸಿಕ್ಕಿದ್ದು ವಾದ ಮುಂದುವರಿಸೋ ಅವಕಾಶ. ಪರೀಕ್ಷೆಗಾದ್ರೆ 2002ರ ಹೋಪ್ ವರ್ಸಸ್ ಪೆಲ್ಜರ್ ಕೂಡ ಓದಿ, ಅಲಬಾಮಾದಲ್ಲಿ ಕೈದಿಯನ್ನು ಬಿಸಿಲಲ್ಲಿ ಕಂಬಕ್ಕೆ ಕಟ್ಟಿದ ಕೇಸು, ಟೇಲರ್ ತೀರ್ಪು ನಿಂತಿರೋದೇ ಅದರ ಮೇಲೆ.