ಜಾಮ್ ಆದ ಬೋಟ್ ಇಂಜಿನ್: ಹೊಸದು ಇಳಿಸುವ ಮುಂಚೆ ಏನೇನು ನೋಡಬೇಕು?

ಪ್ರಶ್ನೆ: ನಮಸ್ಕಾರ ಸರ್. ದುಂಡು ತಳದ, ಭಾರವಾದ 26 ಅಡಿ ಹಳೇ ಫೈಬರ್ ಬೋಟ್ ಒಂದನ್ನು ರಿಪೇರಿ ಮಾಡಿಕೊಳ್ಳೋಣ ಅಂತ ತಗೊಂಡಿದ್ದೇನೆ. ಒಳಗೆ ಮೂರು ಸಿಲಿಂಡರಿನ ಡೀಸೆಲ್ ಇಂಜಿನ್, ಆರು ವರ್ಷದಿಂದ ಸ್ಟಾರ್ಟ್ ಆಗಿಲ್ಲ. ಹೊಸ ಬ್ಯಾಟರಿ ಹಾಕಿದರೆ ಸ್ಟಾರ್ಟರ್ ‘ಟಕ್’ ಅನ್ನುತ್ತೆ, ಅಷ್ಟೇ. ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಳೆದರೂ ಅಲುಗಾಡಲ್ಲ. ಒಬ್ಬರ ಹತ್ತಿರ ಓಡುತ್ತಿರುವ ಸೆಕೆಂಡ್ ಹ್ಯಾಂಡ್ ಇಂಜಿನ್ ಇದೆ, ಇದರ ಎರಡರಷ್ಟು ಹಾರ್ಸ್‌ಪವರ್. ಅದನ್ನೇ ಇಳಿಸಿಬಿಡಲಾ?

ಉತ್ತರ (ಬೋಟ್ ಮೆಕ್ಯಾನಿಕ್): ಈಗಲೇ ಅಡ್ವಾನ್ಸ್ ಕೊಡಬೇಡಿ. ಜಾಮ್ ಆಗಿರೋದು ಇಂಜಿನ್ನೇ ಅಂತ ಇನ್ನೂ ಖಾತ್ರಿಯಾಗಿಲ್ಲ. ಗೇರ್ ಬಾಕ್ಸ್ ತುಕ್ಕು ಹಿಡಿದಿದ್ದರೂ, ನೀರಿನ ಪಂಪ್ ಕಚ್ಚಿಕೊಂಡಿದ್ದರೂ ಹೀಗೇ ಆಗುತ್ತೆ. ಬೆಲ್ಟ್ ತೆಗೀರಿ, ಗೇರ್ ನ್ಯೂಟ್ರಲ್‌ಗೆ ಹಾಕಿ, ಕಪ್ಲಿಂಗ್ (ಗೇರ್ ಬಾಕ್ಸಿಗೂ ಪ್ರೊಪೆಲ್ಲರ್ ಶಾಫ್ಟಿಗೂ ನಡುವಿನ ಜೋಡಣೆ) ಬಿಚ್ಚಿ ಶಾಫ್ಟ್ ಬೇರೆ ಮಾಡಿ. ಸ್ಟಾರ್ಟರನ್ನೂ ಬಿಚ್ಚಿ, ಅದರ ಪಿನಿಯನ್ (ಸಣ್ಣ ಹಲ್ಲಿನ ಚಕ್ರ) ಫ್ಲೈವೀಲ್ ಹಲ್ಲಿಗೆ ಸಿಕ್ಕಿಕೊಂಡು ಇಡೀ ಇಂಜಿನ್ ನಿಂತದ್ದನ್ನು ನೋಡಿದ್ದೇನೆ. ಕೊನೆಗೆ ಮೂರೂ ಇಂಜೆಕ್ಟರ್ ತೆಗೀರಿ. ಅಲ್ಲಿವರೆಗೆ ಸ್ಟಾರ್ಟರ್ ಒತ್ತೋದು, ಸ್ಪ್ಯಾನರಿಗೆ ಉದ್ದದ ಪೈಪ್ ಹಾಕಿ ಎಳೆಯೋದು ದಯವಿಟ್ಟು ಬೇಡ. ಸಿಲಿಂಡರಿನಲ್ಲಿ ನೀರಿದ್ದರೆ ಬಾಗೋದು ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡ್.

ಪ್ರಶ್ನೆ: ಹಾಗೇ ಮಾಡಿದೆ ಸರ್. ಗೇರ್ ಬಾಕ್ಸ್, ಪಂಪ್ ಎರಡೂ ಫ್ರೀ ಇವೆ. ಮೂರನೇ ಇಂಜೆಕ್ಟರ್ ತೂತಿಗೆ ಸಣ್ಣ ಪೈಪ್ ಬಿಟ್ಟು ಸಿರಿಂಜಿನಲ್ಲಿ ಎಳೆದರೆ ಇಟ್ಟಿಗೆ ಬಣ್ಣದ ನೀರು ಬಂತು. ರುಚಿ ನೋಡಿದೆ, ಉಪ್ಪು.

ಉತ್ತರ: ಹಾಗಾದರೆ ಆ ಇಂಜಿನ್ ಹೋಯಿತು ಅಂತಲೇ ಇಟ್ಕೊಳ್ಳಿ. ತುಕ್ಕು ಬಿಡಿಸುವ ಎಣ್ಣೆ ಹುಯ್ದು ವಾರಗಟ್ಟಲೆ ನೆನೆಸಿ, ಫ್ಲೈವೀಲ್ ಹಲ್ಲಿಗೆ ಲಿವರ್ ಕೊಟ್ಟು ಹಿಂದೆ ಮುಂದೆ ಅಲುಗಿಸಿದರೆ ತಿರುಗಲೂಬಹುದು. ಆದರೆ ಉಪ್ಪುನೀರು ವರ್ಷಗಟ್ಟಲೆ ನಿಂತ ಲೈನರಿನಲ್ಲಿ (ಸಿಲಿಂಡರಿನ ಒಳಗೋಡೆ) ಗುಳಿ ಬಿದ್ದಿರುತ್ತೆ, ರಿಂಗ್ ಮುರಿದಿರುತ್ತೆ. ಬದಲಿಸೋದೇ ಸರಿ.

ಆದರೆ ಸಮುದ್ರದ ನೀರು ಸಿಲಿಂಡರಿಗೆ ಬಂದದ್ದು ಎಲ್ಲಿಂದ? ಇದಕ್ಕೆ ಉತ್ತರ ಸಿಗದೆ ಹೊಸ ಇಂಜಿನ್ ಇಳಿಸಬೇಡಿ. ಕೂಲಿಂಗ್ ಮುಗಿಸಿದ ನೀರು ಎಕ್ಸಾಸ್ಟ್ ಎಲ್ಬೋದಲ್ಲಿ (ಹೊಗೆ ಹೋಗುವ ಬಾಗಿದ ಪೈಪ್) ಹೊಗೆಯ ಜೊತೆ ಸೇರುತ್ತೆ. ಆ ಎಲ್ಬೋ ಒಳಗೋಡೆ ತಿಂದುಹೋಗಿದ್ದರೆ ನೀರು ಹಿಂದಕ್ಕೆ, ತೆರೆದಿರುವ ವಾಲ್ವ್ ಮೂಲಕ ಸಿಲಿಂಡರಿಗೆ ಇಳಿಯುತ್ತೆ. ಸೈಫನ್ ತಡೆಯುವ ವಾಲ್ವ್ ಕಟ್ಟಿಕೊಂಡಿದ್ದರೂ ಅಷ್ಟೇ: ಇಂಜಿನ್ ನಿಂತ ಮೇಲೂ ನೀರು ತಾನಾಗಿ ಎಳೆದುಕೊಂಡು ಸೈಲೆನ್ಸರ್ ತುಂಬಿ ಮೇಲೇರುತ್ತೆ. ಸ್ಟಾರ್ಟ್ ಆಗದ ಇಂಜಿನ್ನನ್ನು ಸಮುದ್ರದ ವಾಲ್ವ್ ತೆರೆದಿಟ್ಟು ಕ್ರ್ಯಾಂಕ್ ಮಾಡುತ್ತಲೇ ಇದ್ದರೂ ಇದೇ ಗತಿ. ಪಂಪ್ ನೀರು ತಳ್ಳುತ್ತೆ, ಅದನ್ನು ಹೊರದಬ್ಬಲು ಹೊಗೆ ಇರಲ್ಲ. ನಾನೇ ಒಮ್ಮೆ ಗಿರಾಕಿಯ ಅವಸರಕ್ಕೆ ಮಣಿದು ಹಳೇ ಎಲ್ಬೋಗೆ ಹೊಸ ಇಂಜಿನ್ ಕೂರಿಸಿದೆ. ಮೂರು ತಿಂಗಳಿಗೆ ಅದೇ ಬೋಟು, ಅದೇ ಕೆಂಪು ನೀರು. ಇವತ್ತಿಗೂ ನೋವಿದೆ.

ಪ್ರಶ್ನೆ: ಎಲ್ಬೋ ಬಿಚ್ಚಿದೆ. ಒಳಗೆ ಸ್ಕ್ರೂಡ್ರೈವರ್ ಒತ್ತಿದರೆ ಕರಿ ಪುಡಿ ಉದುರಿ ತೂತಾಯ್ತು! ಎರಡರಷ್ಟು ಪವರಿನ ಇಂಜಿನ್ ಬಗ್ಗೆ ಹೇಳಿ ಸರ್.

ಉತ್ತರ: ಸಿಕ್ಕಿತಲ್ಲ, ಒಳ್ಳೇದಾಯ್ತು. ದೊಡ್ಡ ಇಂಜಿನ್ ಬೇಡ. ನಿಮ್ಮಂಥ ಬೋಟಿನ ವೇಗ ನಿಂತಿರೋದು ನೀರಿನ ಮಟ್ಟದಲ್ಲಿರುವ ಉದ್ದದ ಮೇಲೆ. ಅದು 22 ಅಡಿ ಇದ್ದರೆ ಸುಮಾರು 6.3 ನಾಟ್. ಆಮೇಲೆ ಎಷ್ಟು ಪವರ್ ಕೊಟ್ಟರೂ ಹಿಂಭಾಗ ಕುಸಿದು ಡೀಸೆಲ್ ಉರಿಯುತ್ತೆ, ಅಷ್ಟೇ. ಲೋಡ್ ಇಲ್ಲದೆ ಓಡಿ ಓಡಿ ಲೈನರ್ ಗಾಜಿನ ಹಾಗೆ ನುಣುಪಾಗಿ ಆಯಿಲ್ ಕುಡಿಯಲು ಶುರುಮಾಡುತ್ತೆ. ಹಳೆಯದರಷ್ಟೇ ಪವರಿನದು ಹುಡುಕಿ. ಅಳತೆಪಟ್ಟಿ ಹಿಡಿದು ಹೋಗಿ: ಬೆಡ್‌ಗಳ (ಇಂಜಿನ್ ಕೂರುವ ದಿಮ್ಮಿಗಳು) ನಡುವಿನ ಅಂತರ, ಬೆಡ್‌ನಿಂದ ಶಾಫ್ಟ್ ಎತ್ತರ, ಗೇರ್ ರೇಷಿಯೋ, ಶಾಫ್ಟ್ ತಿರುಗುವ ದಿಕ್ಕು. ದಿಕ್ಕು ಉಲ್ಟಾ ಆದರೆ ಪ್ರೊಪೆಲ್ಲರ್ರೂ ಬದಲಾಗಬೇಕು.

ಹಳೆಯದನ್ನು ಎತ್ತಿದ ದಿನವೇ ಬೆಡ್‌ಗಳನ್ನು ಸುತ್ತಿಗೆಯಿಂದ ತಟ್ಟಿ ನೋಡಿ. ‘ಠಣ್’ ಅಂದರೆ ಗಟ್ಟಿ. ‘ಡಬ್’ ಅಂದರೆ ಸಣ್ಣ ಡ್ರಿಲ್ ಹಾಕಿ. ಒಣ ಪುಡಿ ಬದಲು ಕಪ್ಪು ಕೆಸರು ಬಂದರೆ ಫೈಬರಿನೊಳಗಿನ ಮರ ಕೊಳೆತಿದೆ, ಮೊದಲು ಅದರ ಕೆಲಸ.

ಇನ್ನೊಬ್ಬ ಸದಸ್ಯರು: ಅಲೈನ್‌ಮೆಂಟ್ (ಇಂಜಿನ್, ಶಾಫ್ಟ್ ಒಂದೇ ನೇರಕ್ಕೆ ತರೋದು) ದಡದಲ್ಲೇ ಮಾಡಿಬಿಡಬಹುದಾ ಸರ್?

ಉತ್ತರ: ದಡದಲ್ಲಿ ಅಂದಾಜಿಗೆ ಮಾತ್ರ. ಬೋಟು ನೀರಿಗಿಳಿದ ಮೇಲೆ ಅದರ ಆಕಾರ ಸ್ವಲ್ಪ ಬದಲಾಗುತ್ತೆ. ಎರಡು ಮೂರು ದಿನ ತೇಲಲು ಬಿಟ್ಟು, ಕಪ್ಲಿಂಗಿನ ಎರಡು ಮುಖಗಳ ನಡುವೆ ಮೇಲೆ, ಕೆಳಗೆ, ಎಡ, ಬಲ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ. 4 ಇಂಚಿನ ಕಪ್ಲಿಂಗಿಗೆ ವ್ಯತ್ಯಾಸ 0.1 ಮಿಲಿಮೀಟರ್ ದಾಟಬಾರದು. ಸರಿಬಂದ ಮೇಲಷ್ಟೇ ಮೌಂಟ್ ನಟ್ ಬಿಗಿ ಮಾಡಿ, ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಿರಿ.